ಯಂತ್ರದಲ್ಲಿ ಕರೆದ ಹಾಲು ಮಾತ್ರ ಬೇಗ ಕೆಡುತ್ತಿದೆ, ದಿನವೂ ಕ್ಲೋರಿನ್ ಹಾಕಿದರೂ ನಿಲ್ಲುತ್ತಿಲ್ಲ

ಕೊಟ್ಟಿಗೆ_ಕೋಲಾರ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ತಳಿಯ ಹಸುಗಳು, ಬಕೆಟ್ ಮಾದರಿಯ ಹಾಲು ಕರೆಯುವ ಯಂತ್ರ. ಬೇಸಿಗೆ ಶುರುವಾದಾಗಿನಿಂದ ಮೆಥಿಲೀನ್ ನೀಲಿ ಪರೀಕ್ಷೆಯಲ್ಲಿ (ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬಣ್ಣ ಬೇಗ ಹೋಗುವ ಪರೀಕ್ಷೆ) ನಮ್ಮ ಹಾಲಿನ ಬಣ್ಣ ಒಂದು ಗಂಟೆಯೊಳಗೇ ಹೋಗಿಬಿಡುತ್ತಿದೆ. ಹೊಸದಾಗಿ ಕರು ಹಾಕಿದ ಒಂದು ಹಸುವನ್ನು ಕೈಯಲ್ಲೇ ಕರೆಯುತ್ತೇವೆ, ಆ ಹಾಲಿಗೆ ಯಾವ ತೊಂದರೆಯೂ ಇಲ್ಲ. ಯಂತ್ರ ಮಾರಿದವರು ಹೇಳಿದಂತೆ ಕರೆದ ಕೂಡಲೇ ಕುದಿಯುವ ನೀರು ಹಾಯಿಸಿ, ನಂತರ ಕ್ಲೋರಿನ್ ನೀರಿನಲ್ಲಿ ತೊಳೆಯುತ್ತೇವೆ. ಕ್ಲೋರಿನ್ ಪ್ರಮಾಣ ಹೆಚ್ಚಿಸಿದರೂ ಪ್ರಯೋಜನವಾಗಿಲ್ಲ. ಕೊಳವೆಬಾವಿಯ ನೀರು ಗಡಸು. ದೋಷ ಎಲ್ಲಿದೆ?

ಡೇರಿ_ಪ್ರಯೋಗಾಲಯ:
ಸರ್, ಕೈಯಲ್ಲಿ ಕರೆದ ಹಾಲು ಸರಿಯಿದೆ ಎಂದರೆ ದೋಷ ಯಂತ್ರದ ಒಳಮೈಯಲ್ಲಿದೆ. ಹಾಲಿನ ಕೊಳವೆಯನ್ನು ಬಿಚ್ಚಿ ಪೂರ್ತಿ ಒಣಗಿಸಿ, ಒಳಗೆ ಟಾರ್ಚ್ ಬೆಳಕು ಬಿಡಿ. ಬಾಯಿಯ ಬಳಿ ಬೆರಳಾಡಿಸಿ ನೋಡಿ. ಲೋಳೆ ಅಥವಾ ಜಿಡ್ಡು ತಾಗುತ್ತದೆಯೇ? ಬಿಳಿ-ಹಳದಿ ಪೊರೆ ಕಾಣುತ್ತದೆಯೇ?

ಕೊಟ್ಟಿಗೆ_ಕೋಲಾರ:
ಎರಡೂ ಇವೆ. ಕ್ಲಾದ (ನಾಲ್ಕೂ ಕಪ್‌ಗಳ ಹಾಲು ಸೇರುವ ಭಾಗದ) ತಿರುವಿನಲ್ಲಿ ಲೋಳೆ, ಕೊಳವೆಯ ಉದ್ದಕ್ಕೂ ಒರಟಾದ ಬಿಳಿ ಪೊರೆ.

ಡೇರಿ_ಪ್ರಯೋಗಾಲಯ:
ಹಾಗಾದರೆ ಆ ಲೋಳೆ ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾಗಳು ಮೇಲ್ಮೈಗೆ ಅಂಟಿಕೊಂಡು ತಾವೇ ಸ್ರವಿಸಿದ ಸಕ್ಕರೆ, ಪ್ರೋಟೀನ್ ಮತ್ತು ಡಿಎನ್‌ಎ ಬೆರೆತ ಅಂಟಿನೊಳಗೆ ವಾಸಿಸುವ ಪದರ. ಕ್ಲೋರಿನ್ ಇಲ್ಲಿ ಸೋಲುವುದಕ್ಕೆ ಕಾರಣವಿದೆ. ಹಾಲಿನ ಶೇಷ ಮತ್ತು ಆ ಅಂಟಿನೊಂದಿಗೇ ವರ್ತಿಸಿ ಅದರ ಶಕ್ತಿ ಖರ್ಚಾಗಿಬಿಡುತ್ತದೆ, ಕೆಳಗಿನ ಜೀವಾಣುಗಳನ್ನು ತಲುಪುವುದೇ ಇಲ್ಲ. ಮೇಲಿನವು ಸತ್ತರೂ ಕೆಳಗಿನವು ಬೆಳೆದು ಮುಂದಿನ ಕರೆಯುವಿಕೆಯಲ್ಲಿ ಉದುರಿ ಹಾಲಿಗೆ ಸೇರುತ್ತವೆ. 17ನೆಯ ಶತಮಾನದಲ್ಲೇ ಸೂಕ್ಷ್ಮದರ್ಶಕದಲ್ಲಿ ಜೀವಾಣುಗಳನ್ನು ಕಂಡ ಲೇವೆನ್‌ಹುಕ್ ಹಲ್ಲಿನ ಕಿಟ್ಟದ ಮೇಲೆ ವಿನೆಗರ್ ಪ್ರಯೋಗಿಸಿ, ಹೊರಪದರದ ಜೀವಿಗಳು ಮಾತ್ರ ಸಾಯುವುದನ್ನು ಗಮನಿಸಿದ್ದರು. ಆದ್ದರಿಂದ ಪ್ರಮಾಣ ಹೆಚ್ಚಿಸುವುದನ್ನು ದಯವಿಟ್ಟು ನಿಲ್ಲಿಸಿ. ಮೊದಲು ಪದರವನ್ನು ಕಿತ್ತು ತೆಗೆಯಬೇಕು, ಕೊಲ್ಲುವುದು ಆಮೇಲಿನ ಕೆಲಸ.

ನಿಮ್ಮ ಬಿಳಿ ಪೊರೆ ಹಾಲುಗಲ್ಲು. ಗಡಸು ನೀರಿನ ಲವಣ ಮತ್ತು ಹಾಲಿನ ಕ್ಯಾಲ್ಸಿಯಂ ಫಾಸ್ಫೇಟ್ ಪ್ರೋಟೀನಿನೊಂದಿಗೆ ಗಟ್ಟಿಯಾಗಿ ಕೂತದ್ದು. ಕರೆದ ಕೂಡಲೇ ಕುದಿಯುವ ನೀರು ಹಾಯಿಸಿದರೆ ಪ್ರೋಟೀನ್ ಬೆಂದು ಗೋಡೆಗೆ ಹಿಡಿಯುತ್ತದೆ, ಆ ಒರಟು ಮೈಯೇ ಜೀವಾಣುಗಳಿಗೆ ನೆಲೆ. ಈ ಕ್ರಮವನ್ನು ಬದಲಿಸಿ. ಕರೆದ ತಕ್ಷಣ, ಹಾಲು ಒಣಗುವ ಮುನ್ನ, 35ರಿಂದ 40 ಡಿಗ್ರಿ ಸೆಲ್ಸಿಯಸ್ ಉಗುರುಬೆಚ್ಚಗಿನ ನೀರನ್ನು ಬರುವ ನೀರು ತಿಳಿಯಾಗುವವರೆಗೆ ಎಳೆಯಿರಿ. ತಣ್ಣೀರಾದರೆ ಕೊಬ್ಬು ಗಟ್ಟಿಯಾಗಿ ಉಳಿಯುತ್ತದೆ. ನಂತರ ಡೇರಿಗೆಂದೇ ಇರುವ ಕ್ಷಾರೀಯ ಮಾರ್ಜಕವನ್ನು ಸುಮಾರು 70 ಡಿಗ್ರಿಯ ನೀರಿನಲ್ಲಿ ಕಲಸಿ ಹಾಯಿಸಿ, 45ಕ್ಕಿಂತ ಕೆಳಗೆ ತಣಿಯುವ ಮುನ್ನ ಚೆಲ್ಲಿಬಿಡಿ. ತಣಿದರೆ ಬಿಟ್ಟ ಜಿಡ್ಡು ಮತ್ತೆ ಕೂರುತ್ತದೆ. ಎಳೆಯುವಾಗ ಮೊಲೆಗೆ ಹಾಕುವ ಕಪ್‌ಗಳನ್ನು ನೀರಿನಿಂದ ಆಗಾಗ ಮೇಲೆತ್ತಿ ಗಾಳಿ ಸೇರಿಸಿ, ಆ ಗುಳುಗುಳು ರಭಸವೇ ಅರ್ಧ ಕೆಲಸ ಮಾಡುತ್ತದೆ. ಕ್ಲಾ ಮತ್ತು ತಿರುವುಗಳಿಗೆ ಬ್ರಶ್ ಬೇಕೇ ಬೇಕು. ಹಾಲುಗಲ್ಲು ಕ್ಷಾರಕ್ಕೆ ಜಗ್ಗುವುದಿಲ್ಲ; ಅದಕ್ಕೆ ಫಾಸ್ಫಾರಿಕ್ ಆಮ್ಲ ಆಧಾರಿತ ಡೇರಿ ದ್ರಾವಣವನ್ನು ಡಬ್ಬದ ಮೇಲಿನ ಪ್ರಮಾಣದಲ್ಲಿ ಬಳಸಿ. ನಿಮ್ಮ ನೀರಿಗೆ ಮೊದಲ ಕೆಲವು ದಿನ ಪ್ರತಿದಿನವೂ ಬೇಕಾಗಬಹುದು. ಕ್ಲೋರಿನ್ ಕೊನೆಗೆ, ಮುಂದಿನ ಕರೆಯುವಿಕೆಗೆ ಸ್ವಲ್ಪ ಮುನ್ನ ಸಾಕು.

ಒಂದು ಎಚ್ಚರಿಕೆ: ಆಮ್ಲವನ್ನೂ ಕ್ಲೋರಿನ್ನನ್ನೂ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನಡುವೆ ಚೆನ್ನಾಗಿ ನೀರು ಹಾಯಿಸಿ. ಮನೆಯ ಮಕ್ಕಳು ಆ ಹೊತ್ತಿಗೆ ಹತ್ತಿರ ಇರಬಾರದು.

ಕೊಟ್ಟಿಗೆ_ಕೋಲಾರ:
ತುಂಬ ಉಪಕಾರವಾಯಿತು ಸರ್. ಕಪ್‌ಗಳೊಳಗೆ ಮೊಲೆಗೆ ತಾಗುವ ರಬ್ಬರ್ ಲೈನರ್‌ಗಳನ್ನು ಆಮ್ಲದಲ್ಲಿ ನೆನೆಸಿಟ್ಟರೆ ಸರಿಹೋಗುತ್ತವೆಯೇ? ಇನ್ನೊಂದು ಪ್ರಶ್ನೆ, ಹೇಗೂ ಬಿಎಂಸಿಯಲ್ಲಿ (ಹಾಲು ತಣಿಸುವ ದೊಡ್ಡ ತೊಟ್ಟಿಯಲ್ಲಿ) ತಣಿಸಿ, ಡೇರಿಯಲ್ಲಿ ಪಾಶ್ಚರೀಕರಿಸುತ್ತಾರಲ್ಲ, ಅಷ್ಟಕ್ಕೆ ಎಲ್ಲ ಸಾಯುವುದಿಲ್ಲವೇ?

ಡೇರಿ_ಪ್ರಯೋಗಾಲಯ:
ಬಿರುಕು ಬಿಟ್ಟ ಲೈನರ್ ಎಸೆಯಿರಿ, ಯಾವ ದ್ರಾವಣವೂ ಬಿರುಕಿನ ಆಳಕ್ಕೆ ಇಳಿಯದು. ರಬ್ಬರ್ ಲೈನರ್‌ಗೆ ಸಾಮಾನ್ಯ ಮಿತಿ ಸುಮಾರು 2500 ಕರೆಯುವಿಕೆ. ಎಂಟು ಹಸುಗಳನ್ನು ದಿನಕ್ಕೆರಡು ಬಾರಿ ಒಂದೇ ಘಟಕದಲ್ಲಿ ಕರೆದರೆ ಐದು ತಿಂಗಳಿಗೇ ಅಷ್ಟಾಗುತ್ತದೆ.

ಇನ್ನು ತಣಿಸುವ ಮಾತು. ಸ್ಯೂಡೋಮೊನಾಸ್ ಗುಂಪಿನ ಜೀವಾಣುಗಳು 4 ಡಿಗ್ರಿಯಲ್ಲೂ ಬೆಳೆಯುತ್ತವೆ. ಪಾಶ್ಚರೀಕರಣದಲ್ಲಿ, ಅಂದರೆ 72 ಡಿಗ್ರಿಯ 15 ಸೆಕೆಂಡಿನಲ್ಲಿ, ಅವು ಸಾಯುತ್ತವೆ. ಆದರೆ ಅವು ಬಿಟ್ಟ ಕಿಣ್ವಗಳಲ್ಲಿ ಹಲವು ಉಳಿದು ಹಾಲನ್ನು ಕಹಿಯಾಗಿಸುತ್ತವೆ, ಪೊಟ್ಟಣದ ಯುಎಚ್‌ಟಿ (ಅತಿ ಹೆಚ್ಚು ಶಾಖದಲ್ಲಿ ಸಂಸ್ಕರಿಸಿದ) ಹಾಲನ್ನೂ ಗಟ್ಟಿಯಾಗಿಸಬಲ್ಲವು. ನಿಮ್ಮ ಕೊಳವೆಯ ಲೋಳೆಯ ಫಲವನ್ನು ಕೊಳ್ಳುವವರು ಉಣ್ಣಬೇಕಾಗುತ್ತದೆ.

ಪಶುವೈದ್ಯೆ_ಹಾಸನ:
ಒಂದು ಮಾತು ಸೇರಿಸುತ್ತೇನೆ. ನಿಮ್ಮ ಹಸುಗಳಲ್ಲಿ ಯಾವುದಕ್ಕಾದರೂ ಕೆಚ್ಚಲು ಬಾವು ವಾಸಿಯಾಗಿ ಮರುಕಳಿಸುತ್ತಿದೆಯೇ? ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೆಚ್ಚಲಿನೊಳಗೂ ಇಂಥ ಪದರ ಕಟ್ಟಬಲ್ಲದು. ಔಷಧ ಅಲ್ಲಿ ತಲುಪುವುದು ಕಷ್ಟ. ಹಸು ಗುಣವಾದಂತೆ ಕಂಡು ಮತ್ತೆ ಬಾವು ಬರುತ್ತದೆ. ಆ ಹಸುವನ್ನು ಕೊನೆಗೆ ಕರೆಯಿರಿ, ಇಲ್ಲವಾದರೆ ಲೈನರ್ ಮೂಲಕ ಉಳಿದವಕ್ಕೆ ಹರಡುತ್ತದೆ. ಅಂಗಡಿಯಿಂದ ಆ್ಯಂಟಿಬಯೋಟಿಕ್ ಟ್ಯೂಬ್ ತಂದು ನೀವೇ ಏರಿಸಬೇಡಿ. ಮೊದಲು ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಸಿಎಂಟಿ (ಕೆಚ್ಚಲು ಬಾವು ಪತ್ತೆಹಚ್ಚುವ) ಪರೀಕ್ಷೆ ಮಾಡಿಸಿ, ದೋಷ ಕಂಡ ಮೊಲೆಯ ಹಾಲನ್ನು ಕಲ್ಚರ್‌ಗೆ (ಜೀವಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕೊಡಿ. ಯಾವ ಔಷಧ ಎಂಬುದನ್ನು ಆ ಫಲಿತಾಂಶ ನೋಡಿ ನಿಮ್ಮ ಪಶುವೈದ್ಯರು ನಿರ್ಧರಿಸಲಿ.