ಎನ್‌ಪಿಎಸ್ ಪಿಂಚಣಿ: ತಿಂಗಳಿಗೋ, ಮೂರು ತಿಂಗಳಿಗೋ, ವರ್ಷಕ್ಕೊಮ್ಮೆಯೋ?

ವಿದ್ಯಾನಗರ_ದಾವಣಗೆರೆ

ನಮ್ಮಕ್ಕ ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. 2008ರ ನೇಮಕ, ಹಾಗಾಗಿ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಬರುವ ಜೂನ್ 30ಕ್ಕೆ ನಿವೃತ್ತಿ. ಅದರ ಪ್ರಾನ್ (ಶಾಶ್ವತ ಸಂಖ್ಯೆಯ) ಖಾತೆಯಲ್ಲಿ ಹತ್ತಿರ ಹತ್ತಿರ 40 ಲಕ್ಷ ಇದೆ. ಅದರಲ್ಲಿ ಶೇ 40, ಅಂದರೆ 16 ಲಕ್ಷ, ವಿಮಾ ಕಂಪನಿಯ ಪಿಂಚಣಿ ಪಾಲಿಸಿಗೆ ಹೋಗಲೇಬೇಕು. ಅಕ್ಕ, ಭಾವ ಇಬ್ಬರೂ ಇರುವವರೆಗೆ ಪಿಂಚಣಿ, ಆಮೇಲೆ ಅಸಲು ಮಕ್ಕಳಿಗೆ ಎನ್ನುವ ಆಯ್ಕೆಗೆ ಒಂದು ವಿಮಾ ಕಂಪನಿ ಕೊಟ್ಟ ಲೆಕ್ಕ ಹೀಗಿದೆ: ವರ್ಷಕ್ಕೊಮ್ಮೆ ತಗೊಂಡರೆ 1,04,000, ತಿಂಗಳಿಗಾದರೆ 8,360. ಹನ್ನೆರಡು ತಿಂಗಳು ಕೂಡಿದರೂ 1,00,320 ಅಷ್ಟೇ. ವರ್ಷಕ್ಕೆ 3,680 ರೂಪಾಯಿ ಯಾಕೆ ಬಿಡಬೇಕು ಅಂತಾರೆ ಭಾವ. ಮೂರು ತಿಂಗಳು, ಆರು ತಿಂಗಳ ಕಂತೂ ಇದೆ.

ಬೇರೆ ಆದಾಯ ಅಂದರೆ ಚನ್ನಗಿರಿ ಹತ್ತಿರ ಎರಡು ಎಕರೆ ಅಡಿಕೆ ತೋಟ, ಖೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದಾರೆ. ಮನೆ ಸ್ವಂತದ್ದು, ಬಾಡಿಗೆ ಏನೂ ಬರುವುದಿಲ್ಲ. ಉಳಿದ 24 ಲಕ್ಷ ಎಲ್ಲಿಡಬೇಕು ಅನ್ನುವುದೂ ತೀರ್ಮಾನವಾಗಿಲ್ಲ. ಯಾವ ಕಂತು ಸರಿ? ಆಮೇಲೆ ಬದಲಾಯಿಸಬಹುದಾ?

ಕೋಟೆನಾಡು_ಲೆಕ್ಕ

ಮೊದಲು ಆ 3,680ರ ಲೆಕ್ಕ ನೋಡೋಣ ಸರ್. ಪಿಂಚಣಿ ಬರುವುದು ಅವಧಿ ಮುಗಿದ ಮೇಲೆ. ತಿಂಗಳ ಕಂತಾದರೆ ಪಾಲಿಸಿ ಶುರುವಾದ ಒಂದು ತಿಂಗಳಿಗೆ ಮೊದಲ ದುಡ್ಡು, ವರ್ಷದ ಕಂತಾದರೆ ಹನ್ನೆರಡು ತಿಂಗಳು ಕಾಯಬೇಕು. ತಿಂಗಳ ಕಂತಿನಲ್ಲಿ ಮೊದಲ 8,360 ವರ್ಷದ ಕಂತಿಗಿಂತ ಹನ್ನೊಂದು ತಿಂಗಳು ಮುಂಚೆ ಕೈಗೆ ಬರುತ್ತದೆ, ಕೊನೆಯದು ಅದೇ ದಿನ ಬರುತ್ತದೆ. ಸರಾಸರಿ ಐದೂವರೆ ತಿಂಗಳು ಮುಂಚೆ ಸಿಕ್ಕ ಹಾಗಾಯಿತು. ಆ ದುಡ್ಡನ್ನು ಶೇ 6.5ರ ಆರ್‌ಡಿಗೆ ಹಾಕಿದರೆ ವರ್ಷಕ್ಕೆ ಸುಮಾರು 2,990 ಬಡ್ಡಿ. ಉಳಿಯುವ ವ್ಯತ್ಯಾಸ 700 ರೂಪಾಯಿಯೂ ಇಲ್ಲ. ಶೇ 2.5ರ ಉಳಿತಾಯ ಖಾತೆಯಲ್ಲೇ ಬಿಟ್ಟರೂ 1,150ರಷ್ಟು ಬರುತ್ತದೆ. ಕಂಪನಿ ಕಡಿಮೆ ಕೊಡುತ್ತಿರುವುದು ಮುಂಚೆ ಕೊಡುವುದರ ಬೆಲೆ, ಅಷ್ಟೇ. ಭಾವನವರಿಗೆ ಇದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ.

ಒಟ್ಟು ಮೊತ್ತ ನೋಡಿ ಕಂತು ಆರಿಸಬಾರದು. ಮನೆಗೆ ಬರುವ ಉಳಿದ ಹಣ ಯಾವ ಲಯದಲ್ಲಿ ಬರುತ್ತದೆ ನೋಡಿ, ಪಿಂಚಣಿಯನ್ನು ಅದಕ್ಕೆ ಎದುರಾಗಿ ಇಡಬೇಕು. ಅಂಗಡಿ ಬಾಡಿಗೆ ತಿಂಗಳಿಗೆ ಸರಿಯಾಗಿ ಬರುವವರಿಗೆ ವರ್ಷದ ಕಂತು ಒಳ್ಳೆಯದೇ. ಆರೋಗ್ಯ ವಿಮೆ, ಮನೆ ಕಂದಾಯ ಎಲ್ಲ ಒಂದೇ ಏಟಿಗೆ ಮುಗಿಯುತ್ತದೆ. ನಿಮ್ಮಕ್ಕನ ಮನೆಯಲ್ಲಿ ಹಾಗಿಲ್ಲ. ತೋಟದ ದುಡ್ಡೇ ಕೊಯ್ಲಿನ ಕಾಲಕ್ಕೆ ಗಂಟಾಗಿ ಬರುತ್ತದೆ, ಅದೂ ರಾಶಿ ಅಡಿಕೆಯ ಧಾರಣೆ ನೋಡಿಕೊಂಡು ಹೆಚ್ಚುಕಮ್ಮಿ. ಅದರ ಮೇಲೆ ಪಿಂಚಣಿಯನ್ನೂ ವರ್ಷಕ್ಕೊಮ್ಮೆ ಮಾಡಿಕೊಂಡರೆ ಹಾಲು, ಮಾತ್ರೆ, ಕರೆಂಟ್ ಬಿಲ್ಲಿಗೆ ತಿಂಗಳು ತಿಂಗಳು ಎಫ್‌ಡಿ ಮುರಿಯಬೇಕಾಗುತ್ತದೆ. ಮುರಿದಾಗ ಕಡಿತವಾಗುವ ಬಡ್ಡಿ ಆ 700 ರೂಪಾಯಿಯನ್ನು ಸುಲಭವಾಗಿ ನುಂಗುತ್ತದೆ. ತಿಂಗಳ ಕಂತೇ ಇರಲಿ.

ಕಡತ_ನೋಡುವವ

ಮೇಲಿನವರ ಲೆಕ್ಕ ಸರಿ. ಎಡವಟ್ಟಾಗುವ ಜಾಗಗಳನ್ನು ನಾನು ಹೇಳ್ತೀನಿ.

ಪಾಲಿಸಿ ಶುರುವಾಗುವುದು ನಿವೃತ್ತಿಯ ದಿನ ಅಲ್ಲ. ಸಿಆರ್‌ಎ (ಎನ್‌ಪಿಎಸ್ ದಾಖಲೆ ಇಡುವ ಸಂಸ್ಥೆ) ಲಾಗಿನ್‌ನಲ್ಲಿ ಅರ್ಜಿ ಹಾಕಬೇಕು, ಡಿಡಿಒ (ಸಂಬಳ ಬಟವಾಡೆ ಅಧಿಕಾರಿ) ಪರಿಶೀಲಿಸಬೇಕು, ಅನುಮೋದನೆ ಆಗಬೇಕು, ಯೂನಿಟ್ ಮಾರಾಟವಾಗಿ ಹಣ ವಿಮಾ ಕಂಪನಿಗೆ ಸೇರಬೇಕು. ಅದು ಆಗಸ್ಟ್ 20ಕ್ಕೆ ಸೇರಿತು ಅಂತಿಟ್ಟುಕೊಳ್ಳಿ. ವರ್ಷದ ಕಂತು ಆರಿಸಿದವರಿಗೆ ಮೊದಲ ರೂಪಾಯಿ ಬರುವುದು ಮುಂದಿನ ವರ್ಷದ ಆಗಸ್ಟ್ ಕೊನೆಗೆ. ಜೂನ್ ಸಂಬಳದ ನಂತರ ಹೆಚ್ಚುಕಮ್ಮಿ ಹದಿನಾಲ್ಕು ತಿಂಗಳು ಪಿಂಚಣಿ ಶೂನ್ಯ. ಇದನ್ನು ಕೌಂಟರ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕೇಳಬೇಕು.

ಬದಲಾಯಿಸುವ ವಿಷಯ: ಕಂತು, ಆಯ್ಕೆ ಎರಡೂ ಬಾಂಡ್‌ನಲ್ಲಿ (ಪಾಲಿಸಿ ಪತ್ರದಲ್ಲಿ) ಅಚ್ಚಾಗಿ ಬರುತ್ತವೆ. ಆಮೇಲೆ ಬದಲಾಗುವುದಿಲ್ಲ ಅಂತಲೇ ತಿಳಿದು ಆರಿಸಿ. ಬಾಂಡ್ ಕೈಗೆ ಬಂದ ದಿನವೇ ಬಿಡಿಸಿ ನೋಡ್ರಿ. ಕಂತಿನ ವಿಧ, ಮೊದಲ ಪಾವತಿಯ ದಿನ, ಭಾವನವರ ಜನ್ಮದಿನಾಂಕ, ಖಾತೆ ಸಂಖ್ಯೆ, ಈ ನಾಲ್ಕು. ತಪ್ಪಿದ್ದರೆ 30 ದಿನದ ಫ್ರೀ ಲುಕ್ (ಪಾಲಿಸಿ ನೋಡಿ ಹಿಂತಿರುಗಿಸಬಹುದಾದ) ಅವಧಿಯೊಳಗೇ ಬರಹದಲ್ಲಿ ಕೊಡಿ.

ರದ್ದು ಮಾಡಿದ ಚೆಕ್ ಕೊಡುವಾಗ ಐಎಫ್‌ಎಸ್‌ಸಿ ನೋಡಿಕೊಳ್ಳಿ. ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದ್ದು 2020ರಲ್ಲಿ. ವಿಜಯಾ ಬ್ಯಾಂಕ್ 2019ರಲ್ಲೇ ಬರೋಡಾಕ್ಕೆ ಹೋಯಿತು. ಹಳೆ ಚೆಕ್ ಪುಸ್ತಕದ ಹಾಳೆ ಲಗತ್ತಿಸಿದರೆ ಹಣ ವಾಪಸ್ ಹೋಗುತ್ತದೆ.

ಜೀವಂತ ಪ್ರಮಾಣಪತ್ರ ಕಂಪನಿ ಕೇಳಿದಾಗ ತಪ್ಪಿಸುವ ಹಾಗಿಲ್ಲ. ತಿಂಗಳ ಕಂತು ನಿಂತರೆ ಮುಂದಿನ ತಿಂಗಳೇ ಗೊತ್ತಾಗುತ್ತದೆ. ವರ್ಷದ ಕಂತು ನಿಂತರೆ ಗೊತ್ತಾಗುವುದು ಆ ದಿನ ಕಳೆದ ಮೇಲೆ, ಆಗ ಸಿಕ್ಕಿಕೊಳ್ಳುವುದು ಇಡೀ 1,04,000. ವಯಸ್ಸಾದಂತೆ ಇದೊಂದೇ ಕಾರಣಕ್ಕೂ ನಾನು ತಿಂಗಳ ಕಂತನ್ನೇ ಹೇಳುವುದು.

ಇನ್ನೊಂದು. ಒಬ್ಬರ ಜೀವಿತಾವಧಿಗೆ ಮಾತ್ರ, ಅಸಲು ವಾಪಸಿಲ್ಲ ಎನ್ನುವ ಆಯ್ಕೆಯಲ್ಲಿ ವರ್ಷದ ಕಂತು ಬೇಡವೇ ಬೇಡ. ಹನ್ನೊಂದನೇ ತಿಂಗಳಲ್ಲಿ ತೀರಿಕೊಂಡರೆ ಆ ವರ್ಷದ್ದು ಪೂರ್ತಿ ಹೋಗಬಹುದು. ನಿಮ್ಮಕ್ಕ ನೋಡಿರುವ ಜಂಟಿ ಆಯ್ಕೆಯಲ್ಲಿ ಈ ಭಯ ಕಡಿಮೆ. ಆದರೂ ಮುರುಕು ಅವಧಿಗೆ ಪಾವತಿ ಇದೆಯೋ ಇಲ್ಲವೋ ಬಾಂಡ್‌ನ ಷರತ್ತಿನಲ್ಲಿ ಓದಿಕೊಳ್ಳಿ.

ಅಂಚೆ_ಉಳಿತಾಯ

24 ಲಕ್ಷದ ಬಗ್ಗೆ. 15 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ, 9 ಲಕ್ಷ ಅಂಚೆಯ ಮಾಸಿಕ ಆದಾಯ ಯೋಜನೆಗೆ ಇಟ್ಟು ನೋಡಿ. ಮೊದಲನೆಯದರಲ್ಲಿ ಶೇ 8.2ರಂತೆ ಮೂರು ತಿಂಗಳಿಗೆ 30,750. ಎರಡನೆಯದರಲ್ಲಿ ಶೇ 7.4ರಂತೆ ತಿಂಗಳಿಗೆ 5,550. ಖಾತೆ ತೆರೆದ ದಿನದ ದರ ಐದು ವರ್ಷವೂ ಅದೇ ಇರುತ್ತದೆ.

ಹಿರಿಯ ನಾಗರಿಕರ ಯೋಜನೆಯ ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ 1ಕ್ಕೇ ಬರುತ್ತದೆ. ಬೇರೆ ಬೇರೆ ತಿಂಗಳಲ್ಲಿ ಮೂರು ಖಾತೆ ತೆರೆದು ತಿಂಗಳಿಗೊಂದು ಬಡ್ಡಿ ಮಾಡಿಕೊಳ್ಳೋಣ ಅಂತ ಕೆಲವರು ಯೋಚಿಸುತ್ತಾರೆ, ಅದು ನಡೆಯುವುದಿಲ್ಲ. ಮಾಸಿಕ ಯೋಜನೆ ಮಾತ್ರ ಖಾತೆ ತೆರೆದ ದಿನದಿಂದ ತಿಂಗಳು ಎಣಿಸುತ್ತದೆ. ಏಪ್ರಿಲ್ 1ರ ಕಂತು ಮನೆ ಕಂದಾಯಕ್ಕೆ ಸರಿಹೊಂದುತ್ತದೆ, ಆ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆಯಲ್ಲ.

ಎರಡಕ್ಕೂ ಉಳಿತಾಯ ಖಾತೆ ಜೋಡಿಸಲೇಬೇಕು. ಎತ್ತದೆ ಬಿಟ್ಟ ಬಡ್ಡಿಗೆ ಬಡ್ಡಿ ಸೇರುವುದಿಲ್ಲ. 15 ಲಕ್ಷಕ್ಕೆ ವರ್ಷದ ಬಡ್ಡಿ 1,23,000 ಆಗುತ್ತದೆ, ಮೂಲದಲ್ಲೇ ತೆರಿಗೆ ಹಿಡಿಯಲು ಹಿರಿಯರಿಗಿರುವ ಒಂದು ಲಕ್ಷದ ಮಿತಿ ದಾಟಿತು. ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ಏಪ್ರಿಲ್ ಮೊದಲ ವಾರವೇ ಸ್ವಯಂಘೋಷಣೆ ಫಾರಂ ಕೊಡಿ, ಇಲ್ಲವಾದರೆ ಶೇ 10 ಹಿಡಿಯುತ್ತಾರೆ.

ವಿದ್ಯಾನಗರ_ದಾವಣಗೆರೆ

ಎಲ್ಲರಿಗೂ ಧನ್ಯವಾದ. ಆ 24 ಲಕ್ಷವನ್ನು ಎನ್‌ಪಿಎಸ್‌ನಲ್ಲೇ ಬಿಟ್ಟು ಕಂತಿನಲ್ಲಿ ತೆಗೆಯಬಹುದು ಅಂತಾರಲ್ಲ, ಅದು?

ಕೋಟೆನಾಡು_ಲೆಕ್ಕ

ಹೌದು, ತಿಂಗಳು, ಮೂರು ತಿಂಗಳು, ಆರು ತಿಂಗಳು, ವರ್ಷ, ಹೇಗೆ ಬೇಕಾದರೂ ತೆಗೆಯಬಹುದು. ಆದರೆ ಅದು ಪಿಂಚಣಿ ಅಲ್ಲ, ನಿಮ್ಮದೇ ಯೂನಿಟ್ ಆ ದಿನದ ಎನ್‌ಎವಿಗೆ (ಯೂನಿಟ್ ಬೆಲೆಗೆ) ಮಾರಿ ಕೊಡುವುದು. ಮಾರುಕಟ್ಟೆ ಬಿದ್ದ ವರ್ಷ ಅಸಲು ಬೇಗ ಕರಗುತ್ತದೆ. ಮನೆ ಖರ್ಚಿಗೆ ಅದನ್ನು ನೆಚ್ಚಬೇಡಿ. 8,360 ಮತ್ತು 5,550 ಸೇರಿ ತಿಂಗಳಿಗೆ 13,910, ಜೊತೆಗೆ ಮೂರು ತಿಂಗಳಿಗೊಮ್ಮೆ 30,750. ಇಷ್ಟಕ್ಕೆ ಅಕ್ಕನವರ ಖರ್ಚು ಹೊಂದುತ್ತದೆಯೇ ಅಂತ ಮೊದಲು ಕೂಡಿ ಕಳೆದು ನೋಡಿ. ಹೊಂದಿದರೆ ಖೇಣಿಯ ದುಡ್ಡಿನಿಂದ ಮೊದಲ ಎರಡು ಮೂರು ತಿಂಗಳ ಖರ್ಚು ತೆಗೆದಿಡಿ. ಅರ್ಜಿ ಮುಂದಕ್ಕೆ ಹೋಗಿ ಮೊದಲ ಕಂತು ಬರುವವರೆಗೆ ಬೇಕಾಗುತ್ತದೆ.