ನೀಲಗಿರಿ ನೆಡಿಸಿದ್ದು ವಿಶ್ವಬ್ಯಾಂಕೇ?

ಪ್ರಶ್ನೆ (ರೈತ, ನಾಗಮಂಗಲ): ಸರ್, ಎಂಬತ್ತರ ದಶಕದಲ್ಲಿ ನಮ್ಮ ತಂದೆ ಅರಣ್ಯ ಇಲಾಖೆಯ ಸಸಿ ತಂದು, ರಾಗಿ ಬೆಳೆಯುತ್ತಿದ್ದ ಎರಡು ಎಕರೆಗೆ ನೀಲಗಿರಿ ಹಾಕಿದರು. ಈಗ ಅದೇ ಇಲಾಖೆ ನೀಲಗಿರಿ ಬೇಡ ಎನ್ನುತ್ತದೆ. ಎಲ್ಲವನ್ನೂ ವಿಶ್ವಬ್ಯಾಂಕ್ ಮಾಡಿಸಿತು ಎಂಬುದು ಊರಿನ ಮಾತು. ನಮ್ಮ ಅರಣ್ಯ ನೀತಿಯನ್ನು ಬರೆಯುವವರು ಹೊರದೇಶದವರೇ?

ಉತ್ತರ (ನಿವೃತ್ತ ವಲಯ ಅರಣ್ಯಾಧಿಕಾರಿ, ಮೈಸೂರು): ಊರಿನ ಮಾತು ಅರ್ಧ ನಿಜ. ಸಾಮಾಜಿಕ ಅರಣ್ಯದ, ಅಂದರೆ ಕಾಡಿನಾಚೆ ಊರಿನ ಬಂಜರಿನಲ್ಲಿ, ಹೊಲದಲ್ಲಿ ಜನರ ಬಳಕೆಗೆ ಮರ ಬೆಳೆಸುವ ಆಲೋಚನೆಯನ್ನು ನಮ್ಮ ರಾಷ್ಟ್ರೀಯ ಕೃಷಿ ಆಯೋಗವೇ 1976ರಲ್ಲಿ ಮುಂದಿಟ್ಟಿತ್ತು. ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ಹಣ ಕರ್ನಾಟಕಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ಹಣ ಬಂದ ಮೇಲೆ ಲೆಕ್ಕ ಕೊಡಬೇಕಲ್ಲ? ಸಸಿ ಎಣಿಸುವುದೇ ಕೆಲಸವಾಯಿತು. ದನ ಬಾಯಿ ಹಾಕದ, ಬೇಗ ಬೆಳೆಯುವ, ಕಾಗದದ ಕಾರ್ಖಾನೆ ಕೊಳ್ಳುವ ಮರ ನೀಲಗಿರಿ. ಅದರ ‘ಮೈಸೂರು ಗಮ್’ ತಳಿಯಂತೂ ನಂದಿಬೆಟ್ಟದಿಂದ ಹರಡಿದ್ದು. ಪಾಪವನ್ನೆಲ್ಲ ವಾಷಿಂಗ್ಟನ್ನಿನ ವಿಶ್ವಬ್ಯಾಂಕಿಗೆ ಕಟ್ಟುವಂತಿಲ್ಲ.

1988ರ ರಾಷ್ಟ್ರೀಯ ನೀತಿ ದಿಕ್ಕು ಬದಲಿಸಿತು: ಕಾಡಂಚಿನವರ ಸೌದೆ, ಮೇವು ಮೊದಲು, ಕಾರ್ಖಾನೆ ಆಮೇಲೆ. ಅದರ ಹಿಂದಿದ್ದದ್ದು ಚಿಪ್ಕೊ, ಅಪ್ಪಿಕೊದಂತಹ ನಮ್ಮವೇ ಚಳವಳಿಗಳು. ಆದರೆ ಇಲಾಖೆ, ಹಳ್ಳಿಯವರು ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ನಿರ್ವಹಣೆಯ ಆದೇಶ ಕರ್ನಾಟಕದಲ್ಲಿ ಹೊರಬಿದ್ದದ್ದು 1993ರಲ್ಲಿ. ಅಷ್ಟರಲ್ಲಿ ಬ್ರಿಟನ್ ನೆರವಿನ ಪಶ್ಚಿಮಘಟ್ಟ ಯೋಜನೆ ಶುರುವಾಗಿ, ‘ಜನರ ಪಾಲೆಲ್ಲಿ?’ ಎಂದು ಕೇಳುವವರು ಬಂದಿದ್ದರು. ಮುಂದೆ ಜಪಾನಿನ ಸಾಲದಲ್ಲಿ ಬಯಲುಸೀಮೆಗೂ ಗ್ರಾಮ ಅರಣ್ಯ ಸಮಿತಿಗಳು ಬಂದವು. ನಾನು ಕಂಡ ಹಲವು ಕಡೆ ಹಣ ಬರುವಷ್ಟು ದಿನ ಸಭೆ, ನಡಾವಳಿ ಪುಸ್ತಕ, ಆಮೇಲೆ ಬೀಗ. ಅಂಥ ನಡಾವಳಿಗಳನ್ನು ನಾನೂ ಬರೆಸಿದ್ದೇನೆ, ಹೇಳಲು ಸಂಕೋಚ.

ಪ್ರಶ್ನೆ (ಶಿಕ್ಷಕಿ, ಹುಣಸೂರು): ನಾಗರಹೊಳೆ ಕಾಡಿನ ಹಾಡಿಗಳ ಆದಿವಾಸಿಗಳು ವಿಶ್ವಬ್ಯಾಂಕಿಗೇ ದೂರು ಕೊಟ್ಟಿದ್ದರಂತೆ, ನಿಜವೇ?

ಉತ್ತರ: ನಿಜ ಮೇಡಂ, 1998ರಲ್ಲಿ. ಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯ ಏಳು ತಾಣಗಳಲ್ಲಿ ನಾಗರಹೊಳೆಯೂ ಒಂದು. ಕಾಡಿನೊಳಗಿರುವ ನಮ್ಮನ್ನು ಕೇಳದೆ ಯೋಜನೆ ಮಾಡಿದ್ದೀರಿ ಎಂಬುದು ದೂರು. ಬ್ಯಾಂಕಿನದೇ ತಪಾಸಣಾ ಸಮಿತಿ ತನಿಖೆಯಾಗಲಿ ಎಂದಿತು. ನಿರ್ದೇಶಕ ಮಂಡಳಿ ಒಪ್ಪಲಿಲ್ಲ. ಕೊನೆಗೆ ಕಾಡಿನ ಹಕ್ಕನ್ನು ಕಾನೂನಾಗಿಸಿದ್ದು ನಮ್ಮ ಸಂಸತ್ತು, 2006ರಲ್ಲಿ. ಬುಡಕಟ್ಟು ಜನರ ಕುರಿತ 1989ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 169ನೇ ಒಡಂಬಡಿಕೆಯನ್ನು ಮಾತ್ರ ಭಾರತ ಅನುಮೋದಿಸಿಲ್ಲ. ಹೊರಗಿನಿಂದ ಬಂದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಆರಿಸುವುದು ದೆಹಲಿಯೇ.

ಈಗಿನ ಹೊಸ ಮಾತು ಇಂಗಾಲ. ಹವಾಮಾನ ಬದಲಾವಣೆ ಕುರಿತ ಪ್ಯಾರಿಸ್ ಒಪ್ಪಂದದಡಿ, ಮರಗಳ ಮೂಲಕ ಇನ್ನೂ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ನಷ್ಟನ್ನು 2030ರೊಳಗೆ ಹಿಡಿದಿಡುವುದಾಗಿ ಭಾರತ ಹೇಳಿದೆ. ಮತ್ತೆ ಸಸಿ ಎಣಿಕೆ ಶುರುವಾದೀತೆಂಬ ಅಳುಕು ನನಗಿದೆ.

ಪ್ರಶ್ನೆ (ರೈತ, ನಾಗಮಂಗಲ): ನಮ್ಮ ಹೊಲಕ್ಕೆ ಮತ್ತೆ ರಾಗಿ ಹಾಕಬಹುದೇ ಸರ್?

ಉತ್ತರ: ಹಾಕಬಹುದು. ಬೊಡ್ಡೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಬೇರುಸಮೇತ ಕೀಳಿಸಿ. ಮೊದಲ ವರ್ಷ ಹುರುಳಿ ಚೆಲ್ಲಿ ನೋಡಿ.