ಇಂಗ್ಲಿಷ್‌ನ ‘ರನ್’ಗೆ 645 ಅರ್ಥ: ಕನ್ನಡದಲ್ಲಿ ಇಂಥ ಕ್ರಿಯಾಪದ ಇದೆಯಾ?

ಅಕ್ಷರಪ್ರೇಮಿ
ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ರನ್’ ಅಂದರೆ ‘ಓಡು’ ಅಂತ ಉರು ಹೊಡೆದ ಮಕ್ಕಳು ಮುಂದೆ ಪ್ರತಿ ಪುಟದಲ್ಲೂ ಎಡವುತ್ತಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು 2011ರಲ್ಲಿ ಈ ಕ್ರಿಯಾಪದವನ್ನು ಪರಿಷ್ಕರಿಸಿದಾಗ 645 ಅರ್ಥಗಳು ಸಿಕ್ಕವು. ಸಂಪಾದಕ ಪೀಟರ್ ಗಿಲಿವರ್ ಇದೊಂದಕ್ಕೇ ಒಂಬತ್ತು ತಿಂಗಳು ಕೊಟ್ಟರು. ನದಿ, ಮೂಗು, ಅಂಗಡಿ, ಮೋಟಾರು, ಬಟ್ಟೆಯ ಬಣ್ಣ, ಚುನಾವಣೆ, ಎಲ್ಲಕ್ಕೂ ಅವರಿಗೆ ‘ರನ್’ ಸಾಕು. ನಮ್ಮಲ್ಲಿ ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಸುತ್ತೇವೆ, ಬಣ್ಣ ಬಿಡುತ್ತದೆ, ಚುನಾವಣೆಗೆ ನಿಲ್ಲುತ್ತೇವೆ. ಒಂದೇ ಪದವನ್ನು ಇಷ್ಟು ದುಡಿಸಿಕೊಳ್ಳುವ ಶಕ್ತಿ ಇಂಗ್ಲಿಷಿಗಿದೆ, ಕನ್ನಡಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಯಲುಸೀಮೆ
“ಕನ್ನಡಕ್ಕಿಲ್ಲ” ಅಂತ ಅಷ್ಟು ಸಲೀಸಾಗಿ ಹೇಗೆ ಬರೆದಿರಿ? ‘ಹೊಡೆ’ ತಗೊಳ್ಳಿ. ಗಾಡಿ ಹೊಡೆ, ಮೊಳೆ ಹೊಡೆ, ಸುಣ್ಣ ಹೊಡೆ, ಹರಟೆ ಹೊಡೆ, ನಿದ್ದೆ ಹೊಡೆ, ಕಣ್ಣು ಹೊಡೆ, ವಾಸನೆ ಹೊಡೆ. ಲಾಟರಿ ಹೊಡೆಯುತ್ತದೆ, ಬಿಸಿಲೂ ಹೊಡೆಯುತ್ತದೆ. ನೀವೇ ಎರಡನೇ ಸಾಲಿನಲ್ಲಿ “ಉರು ಹೊಡೆದ” ಅಂತ ಬರೆದಿದ್ದೀರಿ, ಅಲ್ವಾ? ಮೇಷ್ಟ್ರಾಗಿ ಇದು ಕಣ್ಣಿಗೆ ಬೀಳಲಿಲ್ಲವೇ?

ನಿಘಂಟು_ನೋಡಿ
645 ಅನ್ನುವ ಅಂಕಿ ಹಿಡಿದು ಯಾರೂ ಕುಣಿಯಬೇಡಿ. ಅದೇ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’. ವಿವರಣೆಯೇ ಸುಮಾರು 60,000 ಪದ. ಬರೀ ಕ್ರಿಯಾಪದಕ್ಕೆ 430 ಅರ್ಥ, ನುಡಿಗಟ್ಟು ಸೇರಿಸಿದರೆ 580ರ ಹತ್ತಿರ. ಆಮೇಲೆ ಹೊಸ ಪರಿಷ್ಕರಣೆಯನ್ನು ‘ಎಂ’ ಅಕ್ಷರದಿಂದ ಶುರು ಮಾಡಿದರು. ಅದಕ್ಕೇ ‘ಸೆಟ್’ನ ಸರದಿ ಬರುವ ಮೊದಲೇ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಮೊದಲ ಸ್ಥಾನಕ್ಕೆ ಬಂದವು. ಹೊಸ ಲೆಕ್ಕವನ್ನು ಹಳೇ ಲೆಕ್ಕದ ಪಕ್ಕ ಇಟ್ಟು ಗೆದ್ದವರನ್ನು ಸಾರುವುದು ಸರಿಯಲ್ಲ. ಇನ್ನು ‘ಹೊಡೆ’ ವಿಷಯ. “ನಿದ್ದೆ ಹೊಡೆ” ಅನ್ನುವಾಗ ಅರ್ಥ ಪೂರ್ತಿ ‘ನಿದ್ದೆ’ಯಲ್ಲಿದೆ. ‘ಹೊಡೆ’ ಬರೀ ಆಸರೆ. ಅದನ್ನು ಬೇರೆ ಅರ್ಥ ಅಂತ ಎಣಿಸಲು ಆಗುವುದಿಲ್ಲ.

ಬಯಲುಸೀಮೆ
“ಬರೀ ಆಸರೆ”ಯಾ? ಹಾಗಾದರೆ “ನಿದ್ದೆ ಮಾಡಿದ” ಮತ್ತು “ನಿದ್ದೆ ಹೊಡೆದ” ಎರಡೂ ಒಂದೇನಾ? ಎರಡನೆಯದರಲ್ಲಿ ಕೆಲಸ ಬಿಟ್ಟು ಮಲಗಿದ ಅನ್ನುವ ಬೈಗುಳ ಇದೆ. ಆ ಬೈಗುಳ ‘ಹೊಡೆ’ಯಿಂದಲೇ ಬಂದಿದ್ದು. ಇಂಗ್ಲಿಷಿನವರಿಗೆ ‘ರನ್ ಔಟ್’, ‘ರನ್ ಇಂಟು’ ಎಲ್ಲವೂ ಬೇರೆ ಬೇರೆ ಅರ್ಥ, ನಮಗೆ ಮಾತ್ರ ಆಸರೆ. ಇದು ಯಾವ ನ್ಯಾಯ?

ಕೋಡಿಂಗ್_ಕನ್ನಡಿಗ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಕಾರಣ ಸರಳ ಇದೆ. ಯಂತ್ರಗಳು ಬಂದ ಮೇಲೆ ‘ರನ್’ ಹಿಗ್ಗಿತು. ರೈಲು, ಗಡಿಯಾರ, ಕಾರ್ಖಾನೆ, ಈಗ ಸಾಫ್ಟ್‌ವೇರ್. ಹೊಸ ವಸ್ತು ಎಲ್ಲಿ ಹುಟ್ಟುತ್ತದೋ ಆ ಭಾಷೆಯ ಹಳೇ ಪದಕ್ಕೆ ಹೊಸ ಕೆಲಸ ಸಿಗುತ್ತದೆ. ಇನ್ನೊಂದು ಮಾತು. ಚುನಾವಣೆಗೆ ‘ರನ್’ ಅನ್ನುವುದು ಅಮೆರಿಕದವರು. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಅನ್ನುತ್ತಾರೆ. ನಮ್ಮ “ಚುನಾವಣೆಗೆ ನಿಲ್ಲು” ಆ ಬ್ರಿಟಿಷ್ ಮಾತಿನ ನಕಲು. ಅಮೆರಿಕದವರು ನಮ್ಮನ್ನು ಆಳಿದ್ದರೆ ಇವತ್ತು ನಾವು ಚುನಾವಣೆಗೆ ಓಡುತ್ತಿದ್ದೆವು.

ತುಂಗಾತೀರ
“ನಕಲು” ಅನ್ನುವ ಪದ ವಾಪಸ್ ತಗೊಳ್ಳಿ. ಜಗಳಕ್ಕೆ ನಿಲ್ಲು, ಕುಸ್ತಿಗೆ ನಿಲ್ಲು, ಹಠಕ್ಕೆ ನಿಲ್ಲು, ಹೊಣೆಗೆ ನಿಲ್ಲು. ಇವೆಲ್ಲ ಬ್ರಿಟಿಷರು ಕಲಿಸಿದ್ದಾ? ‘ಗೆ’, ‘ಕ್ಕೆ’ ಸೇರಿಸಿ ‘ನಿಲ್ಲು’ ಅಂದರೆ ಎದುರಾಳಿಯ ಮುಂದೆ ಗಟ್ಟಿಯಾಗಿ ಇರುವುದು ಅಂತ ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು. ಚುನಾವಣೆ ಬಂತು, ಅದೇ ಸಾಲಿಗೆ ಸೇರಿಕೊಂಡಿತು. ಅಷ್ಟೇ.

ಕೋಡಿಂಗ್_ಕನ್ನಡಿಗ
ಅಜ್ಜಿಯನ್ನು ಸಾಕ್ಷಿಗೆ ಕರೆಯಬೇಡಿ. ಹಿಂದಿಯಲ್ಲಿ ‘ಖಡಾ ಹೋನಾ’, ತಮಿಳಿನಲ್ಲಿ ‘ನಿಲ್’. ಬೇರೆ ಬೇರೆ ಕುಟುಂಬದ ಭಾಷೆಗಳು ಒಂದೇ ವಿಷಯಕ್ಕೆ ಒಂದೇ ಪದ ಹಿಡಿದಿವೆ. ಎಲ್ಲವಕ್ಕೂ ಮೂಲ ಒಂದೇ ಇರಬೇಕು. ಅದು ಇಂಗ್ಲಿಷ್.

ತುಂಗಾತೀರ
ತಮಿಳು ನಮ್ಮದೇ ಕುಟುಂಬ. ‘ನಿಲ್’ ಎರಡೂ ಭಾಷೆಗೆ ಸೇರಿದ ಹಳೇ ಧಾತು. ಅದನ್ನು ನನ್ನ ವಿರುದ್ಧ ಸಾಕ್ಷಿ ಮಾಡಿದ್ದೀರಿ! ಅಲ್ಲದೆ ಹಿಂದಿಯಲ್ಲಿ ‘ಚುನಾವ್ ಲಡ್‌ನಾ’ ಅಂತಲೂ ಇದೆ, ಅಂದರೆ ಕಾದಾಡು. ಅದನ್ನು ಯಾಕೆ ಬಿಟ್ಟಿರಿ?

ಹುಬ್ಬಳ್ಳಿ_ಮಂದಿ
ಚುನಾವಣೆ ನಮಗೆ ಹೊಸದೇನಲ್ಲ. ತಮಿಳುನಾಡಿನ ಉತ್ತರಮೇರೂರಿನ ಶಾಸನ ಓದಿ. ಹತ್ತನೇ ಶತಮಾನದಲ್ಲಿ, ಚೋಳರ ಕಾಲದಲ್ಲೇ, ಊರಿನ ಸಮಿತಿಗೆ ಸದಸ್ಯರನ್ನು ಆರಿಸುವ ಪದ್ಧತಿ ಇತ್ತು. ಇಂಗ್ಲಿಷ್ ಎಲ್ಲಿತ್ತು ಆಗ?

ನಿಘಂಟು_ನೋಡಿ
ಅಲ್ಲಿ ಇದ್ದಿದ್ದು ಕುಡವೋಲೈ. ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ ಒಂದನ್ನು ಎತ್ತುತ್ತಿದ್ದರು. ಯಾರೂ ಯಾರ ಎದುರೂ ನಿಲ್ಲುತ್ತಿರಲಿಲ್ಲ. ಆ ಶಾಸನದಿಂದ ‘ನಿಲ್ಲು’ ಬಗ್ಗೆ ಏನೂ ಸಾಬೀತಾಗದು.

ಹುಬ್ಬಳ್ಳಿ_ಮಂದಿ
“ಏನೂ ಸಾಬೀತಾಗದು” ಅನ್ನುವ ಧೋರಣೆ ಬಿಡಿ. ನಮ್ಮ ದೇಶದ್ದು ಏನು ತೋರಿಸಿದರೂ ಕೆಲವರಿಗೆ ಸಾಲುವುದಿಲ್ಲ. ಲಂಡನ್ನಿನ ನಿಘಂಟು ಹೇಳಿದರೆ ಮಾತ್ರ ವೇದವಾಕ್ಯ.

ನಿಘಂಟು_ನೋಡಿ
ಆಕ್ಸ್‌ಫರ್ಡ್ ಲಂಡನ್ನಿನಲ್ಲಿಲ್ಲ.

ಕೋಡಿಂಗ್_ಕನ್ನಡಿಗ
ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಕಾಲದಲ್ಲಿ. ಪ್ರತಿನಿಧಿ, ಸಭೆ, ಮತ, ಇಡೀ ಕಲ್ಪನೆ ಬಂದಿದ್ದೇ ಇಂಗ್ಲಿಷ್ ಆಡಳಿತದ ಮೂಲಕ. ಕಲ್ಪನೆ ಜೊತೆ ಮಾತೂ ಬಂತು. ಇದರಲ್ಲಿ ಅವಮಾನ ಏನಿದೆ?

ತುಂಗಾತೀರ
1881ರ ಆ ಮೊದಲ ಸಭೆಗೆ ಜನ ಮತ ಹಾಕಿ ಕಳಿಸಿರಲಿಲ್ಲ. ಅಧಿಕಾರಿಗಳು ಆರಿಸಿದ ರೈತರು, ವ್ಯಾಪಾರಿಗಳು ಬಂದಿದ್ದರು. ಅಂದರೆ ನೀವು ಕೊಟ್ಟ ಉದಾಹರಣೆಯಲ್ಲಿ ಯಾರೂ ‘ನಿಂತೇ’ ಇಲ್ಲ. ಮೊದಲು ಇತಿಹಾಸ ಓದಿ, ಆಮೇಲೆ ನಮಗೆ ಪಾಠ ಹೇಳಿ.

ಅಕ್ಷರಪ್ರೇಮಿ
ದಯವಿಟ್ಟು ವಿಷಯಕ್ಕೆ ಬನ್ನಿ. ನಾನು ಕೇಳಿದ್ದು ‘ರನ್’ ಬಗ್ಗೆ. ಸಮಾನಾರ್ಥಕ ಪದಗಳ ಪಟ್ಟಿ ಕೊಟ್ಟರೆ ಮಕ್ಕಳು ‘ಆಪರೇಟ್’, ‘ಫ್ಲೋ’, ‘ಮ್ಯಾನೇಜ್’ ಎಲ್ಲವನ್ನೂ ಎಲ್ಲ ಕಡೆ ತುರುಕುತ್ತಾರೆ. ಅಂಗಡಿಯನ್ನು ‘ಮ್ಯಾನೇಜ್’ ಮಾಡುವವನು ಸಂಬಳಕ್ಕೆ ಇರಬಹುದು. ‘ರನ್’ ಅಂದರೆ ಅದು ಅವನದೇ ಅಂಗಡಿ ಅನ್ನಿಸುತ್ತದೆ. ನದಿಗೆ ‘ಆಪರೇಟ್’ ಹಾಕಿದ ಉತ್ತರ ಪತ್ರಿಕೆ ನೋಡಿದ್ದೇನೆ. ಅದಕ್ಕೇ ಪದವನ್ನು ಕರ್ತೃವಿನ ಜೊತೆ ಸೇರಿಸಿ ಕಲಿಸಬೇಕು ಅನ್ನುವುದು ನನ್ನ ವಾದ.

ಬಯಲುಸೀಮೆ
“ಕರ್ತೃವಿನ ಜೊತೆ ಸೇರಿಸಿ” ಅಂದಿರಲ್ಲ, ಅದನ್ನೇ ನಾನು ‘ಹೊಡೆ’ಗೆ ಹೇಳಿದ್ದು. ಬಿಸಿಲು ಹೊಡೆಯುವುದು ಬೇರೆ, ಲಾಟರಿ ಹೊಡೆಯುವುದು ಬೇರೆ. ಆಗ ಆಸರೆ ಅಂತ ತಳ್ಳಿದಿರಿ.

ಅಕ್ಷರಪ್ರೇಮಿ
ಆಸರೆ ಅಂದಿದ್ದು ನಾನಲ್ಲ.

ಬಯಲುಸೀಮೆ
ಯಾರಾದರೂ ಸರಿ. ‘ಓಡು’ ಕೂಡ ಬಡವ ಅಲ್ಲ. ಸಿನಿಮಾ ಓಡುತ್ತದೆ, ಗಡಿಯಾರ ಓಡುತ್ತದೆ, ತಲೆ ಓಡುವುದಿಲ್ಲ.

ಕೋಡಿಂಗ್_ಕನ್ನಡಿಗ
ಸಿನಿಮಾ, ಗಡಿಯಾರ ಎರಡೂ ಮತ್ತೆ ಇಂಗ್ಲಿಷ್ ಪ್ರಭಾವ. ನನ್ನ ಮಾತಿಗೇ ಬಂದಿರಿ.

ತುಂಗಾತೀರ
“ತಲೆ ಓಡುವುದಿಲ್ಲ” ಅನ್ನುವುದನ್ನು ಯಾಕೆ ಬಿಟ್ಟಿರಿ? ಅದಕ್ಕೆ ಇಂಗ್ಲಿಷ್ ಮೂಲ ಕೊಡಿ ನೋಡೋಣ. ನಿಮಗೆ ಬೇಕಾದ್ದು ಆರಿಸಿಕೊಂಡು ಮಾತಾಡುವುದು ನಿಲ್ಲಿಸಿ. ಹಾಂ, ‘ನಿಲ್ಲು’ ಎಷ್ಟು ದೊಡ್ಡ ಪದ ಅಂತ ನೋಡಿ. ಮಳೆ ನಿಂತರೆ ಇಲ್ಲವಾಯಿತು ಅಂತ. ಗದ್ದೆಯಲ್ಲಿ ನೀರು ನಿಂತರೆ ಉಳಿಯಿತು ಅಂತ. ಒಂದಕ್ಕೊಂದು ಎದುರಾದ ಎರಡು ಅರ್ಥ ಒಂದೇ ಪದದಲ್ಲಿ. ಹೀಗಿರುವ ಪದಕ್ಕೆ ಚುನಾವಣೆಯ ಅರ್ಥವನ್ನು ಸಾಲ ತರುವ ಗತಿ ಬಂದಿಲ್ಲ.

ನಿಘಂಟು_ನೋಡಿ
ಆ ಎರಡಕ್ಕೂ ‘ಚಲನೆ ಕೊನೆಯಾಯಿತು’ ಅನ್ನುವ ಒಂದೇ ಬೇರು ಇದೆ. ಎದುರಾದ ಅರ್ಥ ಅಂತ ಒಪ್ಪಲಾರೆ. ಇರಲಿ, ಒಂದು ಕೆಲಸ ಮಾಡಿ. ಕಿಟೆಲ್ ನಿಘಂಟು 1894ರದು. ಅದರಲ್ಲಿ ‘ನಿಲ್’ ತೆಗೆದು ನೋಡಿ, ಸ್ಪರ್ಧೆಗೆ ನಿಲ್ಲುವ ಅರ್ಥ ಇದೆಯಾ ಅಂತ ಇಲ್ಲಿ ಬರೆಯಿರಿ. ಪುಟದ ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು.

ತುಂಗಾತೀರ
ಹೇಳಿಕೆ ಮಾಡಿದವರು ನ್ಯೂಜೆರ್ಸಿಯವರು. ಪುಟ ತೆಗೆಯಬೇಕಾದವರೂ ಅವರೇ.

ಕೋಡಿಂಗ್_ಕನ್ನಡಿಗ
ಅದು ಜರ್ಮನಿಯಿಂದ ಬಂದ ಪಾದ್ರಿ ಮಾಡಿದ ನಿಘಂಟು. ಹಳ್ಳಿಯ ಅಜ್ಜಿ ಸಾಕು ಅಂದವರಿಗೆ ಈಗ ಪುಸ್ತಕ ಯಾಕೆ ಬೇಕಾಯಿತು?

ಹುಬ್ಬಳ್ಳಿ_ಮಂದಿ
“ಜರ್ಮನಿಯಿಂದ ಬಂದ ಪಾದ್ರಿ” ಅಂತ ಕಿಟೆಲ್ಲರನ್ನು ಹಗುರವಾಗಿ ಆಡಬೇಡಿ. ಇದಕ್ಕೆ ಮೊದಲು ಉತ್ತರ ಕೊಡಿ, ಮಿಕ್ಕಿದ್ದು ಆಮೇಲೆ.